ಗೋಡೆ ಬೇಯುತ್ತದೆ, ಮಾಡು ಸುಡುತ್ತದೆ

(ಮಲೆನಾಡಿನಲ್ಲಿ ಮಣ್ಣಿನ ಮನೆ ಕಟ್ಟುವವರು, ಕಟ್ಟಿಸಿಕೊಳ್ಳುವವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಗೋಣಿಚೀಲದ ಕಥೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಮಣ್ಣಿನ ಮನೆ ಕಟ್ಟುತ್ತಿದ್ದೆವು. ನೆಲವೂ ಮಣ್ಣಿನದೇ. ಮಣ್ಣಿನ ನೆಲ ಗಟ್ಟಿಯಾಗಿ, ನೀರು ಹೀರದಂತೆ ಆಗಬೇಕಾದರೆ ಅಗಸೆ ಎಣ್ಣೆ ಕುಡಿಸಬೇಕು. ಮೂರು ನಾಲ್ಕು ಸಲ ಹಚ್ಚಿ, ಪ್ರತಿ ಸಲವೂ ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಬೇಕು. ಅವತ್ತು ಸಂಜೆ ಕೆಲಸ ಮುಗಿಯಿತು. ಎಣ್ಣೆ ಬಟ್ಟೆಗಳನ್ನೆಲ್ಲ ಮುದ್ದೆ ಮಾಡಿ ಒಂದು ಗೋಣಿಚೀಲಕ್ಕೆ ತುರುಕಿ ಮೂಲೆಯಲ್ಲಿಟ್ಟು ಹೋದೆವು. ಬೆಳಗ್ಗೆ ಬಂದು ನೋಡಿದರೆ ಮನೆ ತುಂಬ ಹೊಗೆ. ಚೀಲ ಇದ್ದ ಜಾಗದಲ್ಲಿ ಬೂದಿ. ಯಾರೂ ಬೀಡಿ ಸೇದಿರಲಿಲ್ಲ, ಕರೆಂಟ್ ಇನ್ನೂ ಬಂದಿರಲಿಲ್ಲ, ದೀಪ ಹಚ್ಚಿರಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಅಗಸೆ ಎಣ್ಣೆ ಒಣಗುವುದು ಎಂದರೆ ನೀರು ಆರಿದ ಹಾಗೆ ಅಲ್ಲ. ಅದು ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಹಾಗೆ ಹೀರುವಾಗ ಬಿಸಿಯಾಗುತ್ತದೆ. ಬಟ್ಟೆಯನ್ನು ಹರಡಿ ತಂತಿಗೆ ಹಾಕಿದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿಟ್ಟರೆ ಒಳಗೇ ಕೂತು ಏರುತ್ತಾ ಹೋಗಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅದಕ್ಕೆ ಕಡ್ಡಿ ಗೀರುವವರೇ ಬೇಕಾಗಿಲ್ಲ. ಹಸಿಯಾಗಿ ಒಟ್ಟಿದ ಹುಲ್ಲಿನ ಗೊಣಬೆ ಒಳಗೊಳಗೇ ಬಿಸಿಯಾಗುವುದನ್ನು ನೋಡಿದವರಿಗೆ ಇದು ಹೊಸದೇನೂ ಅಲ್ಲ.

ನಾನು ಇಲ್ಲಿ ಹೇಳಬೇಕು ಅಂದುಕೊಂಡದ್ದು ಎಣ್ಣೆಯ ವಿಷಯ ಅಲ್ಲ, ಗೋಡೆಯ ವಿಷಯ. ಚೀಲ ಪೂರ್ತಿ ಸುಟ್ಟರೂ ಹಿಂದಿನ ಗೋಡೆಗೆ ಆದದ್ದು ಒಂದು ಕಪ್ಪು ಕಲೆ ಮಾತ್ರ. ಮಣ್ಣು ಕಲಸಿ ಒಂದು ಕೈ ಹಚ್ಚಿದೆವು, ಹೋಯಿತು. ಆದರೆ ಅದೇ ಚೀಲ ಹತ್ತು ಅಡಿ ಆಚೆ, ಅಟ್ಟದ ಬಿದಿರಿನ ಏಣಿಯ ಬುಡದಲ್ಲಿ ಇದ್ದಿದ್ದರೆ? ಏಣಿ, ಅಟ್ಟ, ಮಾಡು (ಚಾವಣಿ) ಹೊರುವ ಮರಗಳಾದ ಪಕಾಸು, ರೀಪು ಹೀಗೆ ಬೆಂಕಿ ಮೆಟ್ಟಿಲು ಹತ್ತಿಕೊಂಡು ಹೋಗುತ್ತಿತ್ತು. ಬೆಳಗ್ಗೆ ನಮಗೆ ನಾಲ್ಕು ಗೋಡೆ ಮಾತ್ರ ಸಿಗುತ್ತಿತ್ತು.

ಈಗ ಮಣ್ಣಿನ ಮನೆ ಬಗ್ಗೆ ಮಾತಾಡುವವರೆಲ್ಲ ‘ಮಣ್ಣು ಸುಡುವುದಿಲ್ಲ, ಹಾಗಾಗಿ ಬೆಂಕಿಯ ಭಯವಿಲ್ಲ’ ಅನ್ನುತ್ತಾರೆ. ಮೊದಲರ್ಧ ನಿಜ. ‘ಹಾಗಾಗಿ’ ಅನ್ನುವ ಪದವೇ ತಪ್ಪು.

ಮೊದಲರ್ಧ ಎಷ್ಟು ನಿಜ ಎಂದು ನೋಡೋಣ. ಇಟ್ಟಿಗೆ ಗೂಡಿನಲ್ಲಿ ಮಣ್ಣನ್ನು 900ರಿಂದ 1000 ಡಿಗ್ರಿವರೆಗೆ ಕಾಯಿಸುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ಕೋಣೆಯೊಳಗಿನ ಬಿಸಿಯೂ ಹೆಚ್ಚುಕಡಿಮೆ ಅಲ್ಲಿಗೇ ಮುಟ್ಟುತ್ತದೆ. ಅಂದರೆ ಬೆಂಕಿಯಲ್ಲಿ ಮಣ್ಣಿನ ಗೋಡೆಯ ಮೇಲ್ಪದರ ಬೇಯುತ್ತದೆ, ಇಟ್ಟಿಗೆಯೇ ಆಗಿಬಿಡುತ್ತದೆ. ಪುದುಚೇರಿಯಲ್ಲಿ ರೇ ಮೀಕರ್ ಎಂಬ ಕುಂಬಾರರು ಇದನ್ನೇ ಹಿಡಿದು ಮನೆ ಕಟ್ಟಿದರು. ಹಸಿ ಮಣ್ಣಿನಲ್ಲಿ ಗೋಡೆ, ಕಮಾನು ಎಲ್ಲ ಎಬ್ಬಿಸಿ, ಒಳಗೆ ಹಸಿ ಇಟ್ಟಿಗೆ ತುಂಬಿ, ಮನೆಯನ್ನೇ ಗೂಡಿನ ಹಾಗೆ ದಿನಗಟ್ಟಲೆ ಸುಟ್ಟು ಬೇಯಿಸಿದರು. ಬೆಂಕಿ ಆರಿದ ಮೇಲೆ ಮನೆ ಗಟ್ಟಿಯಾಗಿ ನಿಂತಿತು! ನೀವು ಮಾಡಲು ಹೋಗಬೇಡಿ. ಸೌದೆ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ.

ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ನಡೆಸಿದ ಪರೀಕ್ಷೆಯಲ್ಲಿ 250 ಮಿಲಿಮೀಟರ್ ದಪ್ಪದ ಹಸಿ ಇಟ್ಟಿಗೆಯ ಗೋಡೆ ಸುಮಾರು ನಾಲ್ಕು ಗಂಟೆ ಬೆಂಕಿ ತಡೆಯಿತು. ನಮ್ಮ ಹಳೆಯ ಮನೆಗಳ ಗೋಡೆ ಒಂದೂವರೆ, ಎರಡು ಅಡಿ ಇರುತ್ತದೆ. ಲೆಕ್ಕ ನೀವೇ ಹಾಕಿ.

ಇಲ್ಲಿ ಒಬ್ಬರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ‘ಗೋಡೆಗೆ ಸಗಣಿ ಬಳಿಯುತ್ತೇವೆ, ಮಣ್ಣಿಗೆ ಹುಲ್ಲು ಸೇರಿಸುತ್ತೇವೆ. ಬೆರಣಿ ಉರಿಯುತ್ತೆ, ಹುಲ್ಲು ಉರಿಯುತ್ತೆ. ಗೋಡೆ ಉರಿಯಲ್ವಾ?’ ಸಗಣಿಗೆ ಉರಿಯುವ ಶಕ್ತಿ ಇರುವುದು ನಿಜವೇ. ಬಳ್ಳಾರಿ, ರಾಯಚೂರು ಕಡೆ ನವಶಿಲಾಯುಗದ ಬೂದಿದಿಬ್ಬಗಳಿವೆ. ಸಾವಿರಾರು ವರ್ಷಗಳ ಹಿಂದಿನ ದನಗಾಹಿಗಳು ಸಗಣಿ ರಾಶಿ ಹಾಕಿ ಸುಟ್ಟಾಗ ಆದ ದಿಬ್ಬಗಳು ಅವು. ಕೆಲವು ಕಡೆ ಸಗಣಿ ಕರಗಿ ಗಾಜಿನ ಹಾಗೆ ಆಗಿದೆ. ಆದರೆ ಗೋಡೆಗೆ ಬಳಿದ ಸಗಣಿ ತೆಳುವಾದ ಪದರ, ಹಿಂದೆ ಮಣ್ಣು. ಮಣ್ಣಿನೊಳಗೆ ಕಲಸಿದ ಹುಲ್ಲಿಗೆ ಉರಿಯಲು ಗಾಳಿ ಸಿಗುವುದಿಲ್ಲ. ಜರ್ಮನಿಯ ನಿಯಮದ ಪ್ರಕಾರ ಹುಲ್ಲು ಸೇರಿಸಿದ ಮಣ್ಣೂ ಘನಮೀಟರಿಗೆ 1700 ಕಿಲೋಗಿಂತ ಹೆಚ್ಚು ತೂಗಿದರೆ ಅದು ಸುಡದ ವಸ್ತು. ಹುಲ್ಲು ಜಾಸ್ತಿ, ಮಣ್ಣು ಕಡಿಮೆ ಮಾಡಿದ ಹಗುರ ಗೋಡೆಗೆ ಮಾತ್ರ ಈ ಮಾತು ಹೊಂದುವುದಿಲ್ಲ.

ಹುಲ್ಲಿನ ಪೆಂಡಿಯನ್ನೇ ಇಟ್ಟಿಗೆಯಂತೆ ಜೋಡಿಸುವ ಮನೆಗಳೂ ಅಮೆರಿಕದಲ್ಲಿವೆ. 2006ರಲ್ಲಿ ಅಲ್ಲಿ ಅಂಥ ಗೋಡೆಗಳನ್ನು ಬೆಂಕಿಗೆ ಒಡ್ಡಿ ಪರೀಕ್ಷೆ ಮಾಡಿದರು. ಎರಡೂ ಮೈಗೆ ಮಣ್ಣಿನ ಗಾರೆ ಮಾಡಿದ್ದಕ್ಕೆ ಒಂದು ಗಂಟೆ ಬೆಂಕಿ ತಡೆಯುತ್ತದೆ ಎಂಬ ಅರ್ಹತೆ ಸಿಕ್ಕಿತು, ಸಿಮೆಂಟ್ ಗಾರೆಯದ್ದಕ್ಕೆ ಎರಡು ಗಂಟೆ. ಒಳಗಿರುವುದು ಬರೀ ಹುಲ್ಲು ನೋಡಿ. ಒಂದು ಇಂಚು ಮಣ್ಣಿನ ಹೊದಿಕೆ ಏನು ಮಾಡಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಈ ಹೊದಿಕೆಯ ಮಾತು ನೆನಪಿಟ್ಟುಕೊಳ್ಳಿ, ಇವತ್ತಿನ ನನ್ನ ಮಾತೆಲ್ಲ ಅದರ ಮೇಲೇ ನಿಂತಿದೆ.

ಸರಿ, ಗೋಡೆ ಗೆದ್ದಿತು. ಮಾಡಿನ ಕಥೆ?

ನಮ್ಮ ಕಡೆ ಹಿಂದೆ ಮಾಡಿಗೆ ಅಡಿಕೆ ಸೋಗೆ ಇಲ್ಲವೇ ಹುಲ್ಲು. ಕರಾವಳಿಯಲ್ಲಿ ಮುಳಿಹುಲ್ಲು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರು ಮಾಡಿತು. ಆಮೇಲೂ ಎಷ್ಟೋ ಕಾಲ ಬಡವರ ಮನೆಗೆ ಹಂಚು ಏರಲಿಲ್ಲ. ಸೋಗೆ ಮಾಡು ಎಂದರೆ ಮಾರ್ಚ್, ಏಪ್ರಿಲ್ ಹೊತ್ತಿಗೆ ತಲೆ ಮೇಲೆ ಕರ್ಪೂರ ಇಟ್ಟುಕೊಂಡ ಹಾಗೆ. ಒಂದು ಕಿಡಿ ಸಾಕು.

ಆದರೂ ನಮ್ಮ ಹಿರಿಯರು ಸುಮ್ನೆ ಕೂತಿರಲಿಲ್ಲ. ಅವರು ಮಾಡಿದ ಉಪಾಯ ಮುಚ್ಚಿಗೆ. ಇಲ್ಲಿ ಕೂತ ವಯಸ್ಸಾದವರಿಗೆಲ್ಲ ಗೊತ್ತು. ಗೋಡೆಯ ಎತ್ತರಕ್ಕೆ ತೊಲೆ ಹಾಕಿ, ಅದರ ಮೇಲೆ ಹಲಗೆ ಅಥವಾ ಅಡಿಕೆ ಮರ ಸೀಳಿದ ದಬ್ಬೆ ಒತ್ತೊತ್ತಾಗಿ ಜೋಡಿಸಿ, ಮೇಲೆ ಎರಡು ಮೂರು ಇಂಚು ಕಲಸಿದ ಮಣ್ಣು ಹಾಕಿ ತಟ್ಟುವುದು. ಅದರ ಮೇಲೆ ಅಟ್ಟ, ಅದರ ಮೇಲೆ ಮಾಡು. ಬೇಸಿಗೆಯಲ್ಲಿ ತಂಪು ಎಂದು ಎಲ್ಲರೂ ಹೇಳುತ್ತಾರೆ. ಅದು ಬೋನಸ್. ಸೋಗೆಗೆ ಬೆಂಕಿ ಬಿದ್ದರೆ ಉರಿದು ಬೀಳುವ ಸೋಗೆ, ಪಕಾಸು ಎಲ್ಲ ಮಣ್ಣಿನ ಮೇಲೆ ಬೀಳುತ್ತದೆ. ಕೆಳಗೆ ಭತ್ತ, ಪಾತ್ರೆ, ದೇವರು, ಮಲಗಿದ ಮಕ್ಕಳು. ಮಾಡು ಹೋದರೂ ಮನೆ ಉಳಿಯಲಿ ಅನ್ನುವ ಲೆಕ್ಕ. ಮನೆಯ ತಲೆ ಮೇಲೂ ಒಂದು ಮಣ್ಣಿನ ಗೋಡೆ, ಅಡ್ಡ ಮಲಗಿಸಿದ್ದು.

ಇದೇ ಯೋಚನೆ ದೂರದ ಊರುಗಳಲ್ಲೂ ಬಂದಿದೆ. ಫ್ರಾನ್ಸಿನ ಪಿಕಾರ್ಡಿ ಸೀಮೆಯಲ್ಲಿ ಹುಲ್ಲಿನ ಮಾಡಿನ ಹಳ್ಳಿಗಳು ಪದೇ ಪದೇ ಸುಟ್ಟುಹೋಗುತ್ತಿದ್ದವು. 1784ರಲ್ಲಿ ಅಲ್ಲಿನ ಅಮಿಯಾಂ ಊರಿನ ವಿದ್ವತ್ಸಭೆ ಒಂದು ಸ್ಪರ್ಧೆ ಇಟ್ಟಿತು. ಕಡಿಮೆ ಖರ್ಚಿನಲ್ಲಿ ಬೆಂಕಿ ಬೀಳದ ಹಾಗೆ ಹಳ್ಳಿ ಮನೆ ಕಟ್ಟುವುದು ಹೇಗೆ? ಇದಕ್ಕೆ ಉತ್ತರ ಹುಡುಕಿಕೊಂಡು ಹೊರಟವರಲ್ಲಿ ಲಿಯಾನಿನ ಫ್ರಾಂಸ್ವಾ ಕ್ವಾಂತೆರೋ ಒಬ್ಬ. ಕಟ್ಟಡ ಕೆಲಸದವ. ತನ್ನ ಸೀಮೆಯ ಒತ್ತಿದ ಮಣ್ಣಿನ ಗೋಡೆಯನ್ನೇ ಅವನು ಹಿಡಿದುಕೊಂಡ. 1790ರಿಂದ ಅವನು ಬರೆದ ಸಣ್ಣ ಪುಸ್ತಕಗಳು ಬೇರೆ ಬೇರೆ ಭಾಷೆಗೆ ಹೋದವು. ಜರ್ಮನಿಯ ವೈಲ್‌ಬುರ್ಗ್ ಊರಿನಲ್ಲಿ 1820ರ ದಶಕದಲ್ಲಿ ಒತ್ತಿದ ಮಣ್ಣಿನಿಂದ ಎಬ್ಬಿಸಿದ ಆರು ಅಂತಸ್ತಿನ ಮನೆ ಇವತ್ತಿಗೂ ನಿಂತಿದೆ. ಇವತ್ತು ಮಣ್ಣಿನ ಮನೆ ಎಂದರೆ ಪರಿಸರದ ಮಾತು. ಯುರೋಪಿನಲ್ಲಿ ಆಗ ಅದು ಬೆಂಕಿಯ ಮಾತೂ ಆಗಿತ್ತು. ಇದೇ ಕಾಲದಲ್ಲಿ ಪ್ರಷ್ಯಾದಲ್ಲಿ ಹುಲ್ಲಿನ ಕಟ್ಟುಗಳನ್ನು ಮಣ್ಣಿನಲ್ಲಿ ಅದ್ದಿ ಮಾಡಿಗೆ ಹೊದಿಸುವ ಪದ್ಧತಿಯನ್ನೂ ಹರಡಲು ನೋಡಿದರು. ಮಣ್ಣನ್ನು ಮಾಡಿಗೇ ಏರಿಸಿದರು, ಅಲ್ವಾ?

ಈಗ ನಮ್ಮ ಕಾಲಕ್ಕೆ ಬನ್ನಿ. ಈಗ ಕಟ್ಟುವ ಹೊಸ ಮಣ್ಣಿನ ಮನೆಗಳನ್ನು ನಾನು ನೋಡುತ್ತಿರುತ್ತೇನೆ. ಗೋಡೆ ನೋಡಿದರೆ ಕಣ್ಣು ತುಂಬುತ್ತದೆ. ತಲೆ ಎತ್ತಿದರೆ ಬಿದಿರಿನ ಚಾಪೆಯ ಸೀಲಿಂಗ್, ವಾರ್ನಿಷ್ ಹೊಡೆದದ್ದು. ಅದರೊಳಗೆ ಬಚ್ಚಿಟ್ಟ ವೈರು. ಮೇಲೆ ಹಂಚು. ಮುಚ್ಚಿಗೆ ಬಿಟ್ಟುಹೋಗಿದೆ. ಯಾಕೆ ಎಂದು ಕೇಳಿದರೆ ‘ಭಾರ ಜಾಸ್ತಿ ಸಾರ್, ಮರ ದುಬಾರಿ’ ಅನ್ನುತ್ತಾರೆ. ಅದೂ ಸುಳ್ಳಲ್ಲ. ಹತ್ತು ಅಡಿ ಹತ್ತು ಅಡಿಯ ಕೋಣೆಗೆ ಎರಡು ಇಂಚು ಮಣ್ಣು ಹಾಕಿದರೆ ಒಣಗಿದ ಮೇಲೂ ಏಳುನೂರು ಕಿಲೋ ಆಗುತ್ತದೆ, ಹಸಿ ಇದ್ದಾಗ ಇನ್ನೂ ಹೆಚ್ಚು. ತೊಲೆ ಅದಕ್ಕೆ ತಕ್ಕ ಹಾಗೆ ಇರಬೇಕು.

ಭಾರದ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ಉತ್ತರ ಕರ್ನಾಟಕದ ಮಾಳಿಗೆ ಮನೆಗಳಲ್ಲಿ ಮಾಡೇ ಮಣ್ಣು. ಮೇಲಿಂದ ಬೀಳುವ ಕಿಡಿಗೆ ಅದು ಜಗ್ಗುವುದಿಲ್ಲ. ಆದರೆ ಒಂದು ಅಡಿ ಮಣ್ಣು ಇದ್ದರೆ ಅದೇ ಹತ್ತು ಬೈ ಹತ್ತರ ಕೋಣೆಯ ಮೇಲೆ ನಾಲ್ಕು ಟನ್ನಿಗೂ ಹೆಚ್ಚು ಭಾರ. ಕೆಳಗಿನಿಂದ ಬೆಂಕಿ ಬಂದು ಜಂತಿ ಸುಟ್ಟರೆ ಅಷ್ಟೂ ತಲೆ ಮೇಲೆ. ಬೆಂಕಿ ಬಿದ್ದ ಮಾಳಿಗೆ ಮನೆಯೊಳಗೆ ಪೆಟ್ಟಿಗೆ, ಪತ್ರ ಎಂದು ಮತ್ತೆ ನುಗ್ಗಬಾರದು. ದಪ್ಪ ಮರ ತಕ್ಷಣ ಬೀಳುವುದಿಲ್ಲ ನಿಜ. ಮರ ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು ಇದ್ದಿಲಾಗುತ್ತಾ ಹೋಗುತ್ತದೆ. ಆರು ಇಂಚಿನ ತೊಲೆ ಅರ್ಧ ಗಂಟೆ ಉರಿದರೂ ನಡುವೆ ನಾಲ್ಕು ಇಂಚು ಗಟ್ಟಿ ಮರ ಉಳಿದಿರುತ್ತದೆ. ಬಿದಿರು ಹಾಗಲ್ಲ. ಒಳಗೆ ಟೊಳ್ಳು, ಗೋಡೆ ಒಂದು ಸೆಂಟಿಮೀಟರು. ಕಾಲು ಗಂಟೆ ಕೂಡ ಲೆಕ್ಕಕ್ಕೆ ಹಿಡಿಯಬೇಡಿ. ಬಿದಿರಿಗೆ ಬೋರಾಕ್ಸ್, ಬೋರಿಕ್ ಆಮ್ಲ ಕುಡಿಸುವುದು ಹುಳಕ್ಕೂ ಒಳ್ಳೆಯದು, ಬೆಂಕಿಗೂ ಸ್ವಲ್ಪ ತಡೆ. ಆದರೆ ಮಳೆಗೆ ಒಡ್ಡಿದರೆ ತೊಳೆದುಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಹೊಸ ಮನೆ ಕಟ್ಟುವವರು ಇಡೀ ಮನೆಗೆ ಆಗದಿದ್ದರೂ ಅಡುಗೆಮನೆ, ಬಚ್ಚಲು, ಮಲಗುವ ಕೋಣೆಗಳ ಮೇಲೆ ಮುಚ್ಚಿಗೆ ಹಾಕಿಸಿ. ಒಲೆ ಇರುವ ಕೋಣೆಯಲ್ಲಿ ಮೇಲಿನ ಮಣ್ಣು ಮಾತ್ರ ಸಾಲದು, ಕೆಳಮೈಗೂ ಮಣ್ಣು ಬೇಕು. ಕೋಳಿ ಜಾಳಿಗೆ ಹೊಡೆದು ಒಂದು ಇಂಚು ಮಣ್ಣಿನ ಗಾರೆ ಮಾಡಿ. ಬೆಂಕಿ ಮೇಲಿಂದಲೇ ಬರಬೇಕು ಅಂತ ಎಲ್ಲಿ ಬರೆದಿದೆ?

ಇನ್ನೊಂದು ತಪ್ಪು ಬಹಳ ಮನೆಗಳಲ್ಲಿದೆ. ಕೋಣೆಗಳ ನಡುವಿನ ಗೋಡೆ ಮುಚ್ಚಿಗೆ ಎತ್ತರಕ್ಕೆ ನಿಲ್ಲುತ್ತದೆ. ಮೇಲೆ ಅಟ್ಟ ಈ ತುದಿಯಿಂದ ಆ ತುದಿವರೆಗೆ ಒಂದೇ. ಅಡುಗೆಮನೆ ಮೇಲೆ ಹತ್ತಿದ ಬೆಂಕಿ ಜಗಲಿ ಮೇಲಕ್ಕೆ ಓಡುವುದಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಅಡುಗೆಮನೆ ಗೋಡೆಯೊಂದನ್ನಾದರೂ ಹಂಚಿನ ಕೆಳಮೈ ಮುಟ್ಟುವ ತನಕ ಎತ್ತಿಸಿ. ಪಕಾಸು ಕೂರುವ ಕಡೆ ಗೋಡೆ ತಲೆಯಲ್ಲಿ ಉಳಿಯುವ ಸಂದಿಗಳಿಗೆ ಮಣ್ಣು ತುಂಬಿ. ಇದಕ್ಕೆ ದುಡ್ಡು ಬೇಡ, ಅರ್ಧ ದಿನದ ಕೆಲಸ.

ಸಂದಿ ಎಂದ ಕೂಡಲೇ ಕಾಡ್ಗಿಚ್ಚಿನ ಮಾತು ಹೇಳಲೇಬೇಕು. ಕಾಡಂಚಿನ ಮನೆಯವರು ಬೆಂಕಿಯ ಗೋಡೆ ಬಂದು ಮನೆ ನುಂಗುತ್ತದೆ ಎಂದು ಹೆದರುತ್ತಾರೆ. ಹೆಚ್ಚು ಸಲ ಹಾಗಾಗುವುದಿಲ್ಲ. 2009ರ ಫೆಬ್ರವರಿ 7ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಎದ್ದ ಕಾಡ್ಗಿಚ್ಚಿಗೆ 173 ಜನ ಸತ್ತರು. ಅಂಥ ಬೆಂಕಿಗಳಲ್ಲಿ ಗಾಳಿಗೆ ಹಾರಿ ಬರುವ ಕಿಡಿಗಳೇ ಎಷ್ಟೋ ಮನೆ ಸುಡುತ್ತವೆ. ಅವು ಸೂರಂಚಿನಲ್ಲಿ, ಮಳೆನೀರು ಹರಿಯುವ ದೋಣಿಯಲ್ಲಿ ತುಂಬಿದ ಒಣ ಎಲೆಗೆ ಬೀಳುತ್ತವೆ, ಸಂದಿಯಿಂದ ಒಳಗೆ ಹೋಗುತ್ತವೆ. ನಮ್ಮ ಹಂಚಿನ ಮಾಡಿನ ಸಂದಿಯಲ್ಲೂ ದರಕು, ಅಂದರೆ ಒಣ ಎಲೆ, ಸಿಕ್ಕಿಕೊಂಡಿರುತ್ತದೆ, ಅಟ್ಟದಲ್ಲಿ ಇಲಿ ಗೂಡು. ಫೆಬ್ರವರಿಯಲ್ಲಿ ಒಮ್ಮೆ ಮಾಡು ಹತ್ತಿ ಗುಡಿಸಿ. ಕೊಟ್ಟಿಗೆಗೆ ತಂದ ದರಕಿನ ರಾಶಿ, ಹುಲ್ಲಿನ ಗೊಣಬೆ ಮನೆಗೆ ಅಂಟಿಕೊಂಡಿರುವುದು ಬೇಡ. ಹಳಬರು ದೂರ ಹಾಕುತ್ತಿದ್ದರು. ಈಗ ಮಳೆಗೆ ನೆನೆಯುತ್ತದೆ ಎಂದು ಮನೆಯ ಹಿಂದೆಯೇ ಶೀಟ್ ಇಳಿಸಿ ತುಂಬುತ್ತೇವೆ.

ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಎರಡು ಒಳ್ಳೆಯ ಕೆಲಸ ಮಾಡಿತು. ಒಂದು, ಒತ್ತಿದ ಮಣ್ಣಿನ ಇಟ್ಟಿಗೆ. ಇನ್ನೊಂದು, ಹೊಗೆ ಕೊಳವೆ ಇರುವ ಅಸ್ತ್ರ ಒಲೆ. ಹೊಗೆ ಕೊಳವೆ ಬಂದು ಹೆಂಗಸರ ಕಣ್ಣು ಉಳಿಯಿತು. ಆದರೆ ಕೊಳವೆ ಮಾಡು ದಾಟುವ ಜಾಗ ನೋಡಿ. ಅಲ್ಲಿ ರೀಪು ಕೊಳವೆಗೆ ತಾಗಿಕೊಂಡಿರುತ್ತದೆ. ವರ್ಷಗಟ್ಟಲೆ ಬಿಸಿ ತಿಂದ ಮರ ಕಡಿಮೆ ಬಿಸಿಗೇ ಹೊತ್ತಿಕೊಳ್ಳುವ ಹಾಗೆ ಆಗುತ್ತದೆ. ಕೊಳವೆಯ ಸುತ್ತ ಒಂದು ಗೇಣು ಮರ ಇಲ್ಲದ ಜಾಗ ಬಿಟ್ಟು ಮಣ್ಣಿನ ಕಟ್ಟೆ ಕಟ್ಟಿಸಿ. ಒಳಗಿನ ಮಸಿಯನ್ನು ಮಳೆಗಾಲ ಮುಗಿದ ಮೇಲೊಮ್ಮೆ ತೆಗೆಸಿ. ಮಾಡಿನಿಂದ ಜೋತಾಡುವ ಇಲ್ಲಣ, ಅಂದರೆ ಮಸಿ ಹಿಡಿದ ಜೇಡರ ಬಲೆ ಕೂಡ ಉರಿಯುವ ವಸ್ತುವೇ, ಹಬ್ಬಕ್ಕೆ ಮಾತ್ರ ತೆಗೆಯುವುದಲ್ಲ.

ಗ್ಯಾಸಿನ ಬಗ್ಗೆ ಒಂದೇ ಮಾತು. ಅದು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಮಣ್ಣಿನ ಗೋಡೆ ಬೆಂಕಿ ತಡೆಯುತ್ತದೆ, ಸ್ಫೋಟ ತಡೆಯುವುದಿಲ್ಲ. ಸಿಲಿಂಡರ್ ಹೊರಗಿಡಿ, ಒಳಗೇ ಇರಬೇಕು ಎಂದರೆ ನೆಲದ ಮಟ್ಟದಲ್ಲಿ ಒಂದು ಕಿಂಡಿ ಬಿಡಿ.

ವೈರಿಂಗ್ ನನಗೆ ನಿಜಕ್ಕೂ ಭಯ ಹುಟ್ಟಿಸುವ ವಿಷಯ. ಹಳೆಯ ಮನೆಗಳಲ್ಲಿ ತೊಲೆಯ ಮೇಲೆ ಎಳೆದ ವೈರು ದೀಪಕ್ಕೆಂದು ಹಾಕಿದ್ದು. ಈಗ ಅದಕ್ಕೇ ಗ್ರೈಂಡರ್, ಗೀಸರ್, ಇನ್ವರ್ಟರ್ ಎಲ್ಲ ಜೋಡಿಸಿದ್ದೇವೆ. ಅಟ್ಟದಲ್ಲಿ ಇಲಿ ಸಿಪ್ಪೆ ಸುಲಿದಿಟ್ಟಿರುತ್ತದೆ. ಮೇಲೆ ಧೂಳು, ಇಲ್ಲಣ, ಒಣ ಅಡಿಕೆ ಸಿಪ್ಪೆ. ಅಟ್ಟದಲ್ಲಿ ವೈರು ಹೋಗಲೇಬೇಕಾದರೆ ಕಬ್ಬಿಣದ ಪೈಪಿನೊಳಗೆ ಹೋಗಲಿ, ಆ ಪೈಪಿಗೂ ಅರ್ಥಿಂಗ್ ಇರಲಿ. ಗೋಡೆಯಲ್ಲಾದರೆ ಉದ್ದಕ್ಕೆ ಕೊರೆದು ಪೈಪ್ ಇಟ್ಟು ಮೇಲೆ ಮಣ್ಣು ಮೆತ್ತುವುದೇ ಒಳ್ಳೆಯದು. ಲೋಡು ಹೆಚ್ಚಾದರೆ ಕಡಿಯುವ ಎಂಸಿಬಿ ಜೊತೆ ಆರ್‌ಸಿಸಿಬಿ ಹಾಕಿಸಿ, ಮಳೆಗಾಲದಲ್ಲಿ ಒದ್ದೆ ಗೋಡೆಗೆ ಕರೆಂಟ್ ಸೋರಿದರೆ ತಾನೇ ಕಡಿಯುತ್ತದೆ. ಇನ್ನು ಸೋಲಾರ್ ಪ್ಯಾನೆಲ್. ಮೇನ್ ಆಫ್ ಮಾಡಿದರೂ ಬಿಸಿಲು ಇರುವ ತನಕ ಪ್ಯಾನೆಲ್ಲಿಂದ ಬರುವ ವೈರಿನಲ್ಲಿ ಕರೆಂಟ್ ಇರುತ್ತದೆ. ಸೋಗೆ ಅಥವಾ ಹುಲ್ಲಿನ ಮಾಡಿನ ಮೇಲೆ ಅದನ್ನು ಕೂರಿಸಬೇಡಿ, ಅಂಗಳದಲ್ಲಿ ಕಂಬ ನೆಡಿಸಿ.

ಬೆಂಕಿ ಬಿದ್ದೇಬಿಟ್ಟಿತು ಅನ್ನಿ. ಮೊದಲು ಜನ ಹೊರಗೆ, ಆಮೇಲೆ 112ಕ್ಕೆ ಫೋನು. ಅಗ್ನಿಶಾಮಕ ಗಾಡಿ ನಮ್ಮ ತೋಟದ ದಾರಿಯಲ್ಲಿ ಬರುವ ಹೊತ್ತಿಗೆ ಎಷ್ಟಾಗುತ್ತದೋ ನಿಮಗೇ ಗೊತ್ತು. ಆದರೆ ಅಡಿಕೆ ಬೆಳೆಗಾರರ ಮನೆಯಲ್ಲಿ ಅರ್ಧ ಅಗ್ನಿಶಾಮಕ ಠಾಣೆಯೇ ಇದೆ! ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಪಂಪು, ಉದ್ದದ ಪೈಪು, ಇನ್ನೂರು ಲೀಟರಿನ ಡ್ರಮ್ಮು. ಮಳೆಗಾಲ ಮುಗಿದ ಕೂಡಲೇ ಅದನ್ನು ಮೂಲೆಗೆ ಹಾಕುತ್ತೇವೆ. ಬೇಸಿಗೆಯಲ್ಲಿ ಚೆನ್ನಾಗಿ ತೊಳೆದು, ಪೆಟ್ರೋಲ್ ಹಾಕಿ, ಡ್ರಮ್ಮು ತುಂಬಿ ಅಂಗಳದಲ್ಲೇ ಇಡಿ. ದೋಟಿಗೆ, ಅಂದರೆ ಕಾಯಿ ಕೀಳುವ ಉದ್ದ ಕೋಲಿಗೆ, ಗಟ್ಟಿ ಕೊಕ್ಕೆ ಕಟ್ಟಿಟ್ಟರೆ ಹೊತ್ತಿದ ಸೋಗೆಯನ್ನು ಎಳೆದು ಕೆಡವಬಹುದು. ಉರಿಯುವ ಮಾಡಿನ ಕೆಳಗೆ ನಿಂತಲ್ಲ, ದೂರದಿಂದ.

ನೀರು ಹೊಡೆಯುವಾಗ ಮಾಡಿಗೆ ಹೊಡೆಯಿರಿ, ಗೋಡೆಗೆ ಅಲ್ಲ. ಬಿರುಸಾದ ನೀರಿಗೆ ಬರೀ ಮಣ್ಣಿನ ಗೋಡೆ ಕೊರೆದುಹೋಗುತ್ತದೆ. ಬೆಂಕಿಯಲ್ಲಿ ನಿಂತ ಗೋಡೆ ಆಮೇಲೆ ಬೀಳುವುದು ನೀರಿಗೆ. ಏಪ್ರಿಲಿನಲ್ಲಿ ಮಾಡು ಸುಟ್ಟ ಮನೆಗೆ ಜೂನ್ ಮಳೆ ತಾಗಿದರೆ ಕಥೆ ಮುಗಿಯಿತು. ಹಾಗಾಗಿ ಸುಟ್ಟ ಮನೆಯ ಗೋಡೆ ತಲೆಗೆ ಮರುದಿನವೇ ತಾಡಪಾಲು ಹೊದಿಸಿ. ಪರಿಹಾರದ ಅರ್ಜಿ, ಫೋಟೊ ಎಲ್ಲ ಆಮೇಲೆ ಆಗಲಿ.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಅಮ್ಮ ಒಬ್ಬರು ಎದ್ದು ಕೇಳಿದರು. ‘ನಮ್ಮದು ಹಳೇ ಮುಚ್ಚಿಗೆ ಮನೆ. ಮಣ್ಣು ಉದುರುತ್ತೆ, ಇಲಿ ಕಾಟ. ಅದನ್ನೆಲ್ಲ ತೆಗೆಸಿ ಪಿವಿಸಿ ಸೀಲಿಂಗ್ ಮಾಡಿಸ್ತೀನಿ ಅಂತಾನೆ ಮಗ. ಏನು ಮಾಡ್ಲಿ?’

ಮಗ ಪಕ್ಕದಲ್ಲೇ ಕೂತಿದ್ದ. ನಾನು ಅವನಿಗೇ ಹೇಳಿದೆ. ಮೊದಲು ಅಟ್ಟ ಹತ್ತಿ ತೊಲೆಗೆ ಗೆದ್ದಲು ಹಿಡಿದಿದೆಯಾ ನೋಡು, ಉಳಿ ಚುಚ್ಚಿ ನೋಡು. ತೊಲೆ ಗಟ್ಟಿ ಇದ್ದರೆ ಉದುರಿದ ಜಾಗಕ್ಕೆ ಹೊಟ್ಟು ಸೇರಿಸಿದ ಮಣ್ಣು ಮೆತ್ತು, ಇಲಿ ಬಿಲಕ್ಕೆ ಗಾಜಿನ ಚೂರು ಸೇರಿಸಿ ಮುಚ್ಚು. ಪಿವಿಸಿ ಬೆಂಕಿ ತಾಗಿದರೆ ಕರಗುತ್ತದೆ, ಅದರ ಹೊಗೆ ಉಸಿರು ಕಟ್ಟಿಸುತ್ತದೆ. ‘ಎಷ್ಟು ಮಣ್ಣು ಬೇಕಾಗಬಹುದು?’ ಅಂದ. ನೀನು ಅಳತೆ ತಗೊಂಡು ಬಾ, ಲೆಕ್ಕ ಹಾಕೋಣ ಅಂದೆ. ‘ಅಳತೆ ಬೇಡ, ಹಿಂದಿನ ಸಲ ಎರಡು ಗಾಡಿ ಹಿಡಿದಿತ್ತು’ ಅಂದರು ಆ ಅಮ್ಮ.